ಹೊಳೆಗೆ ಓಡಿ ಬಪ್ಪವರ ಹತ್ರ

ಹೋದ ಶಿವರಾತ್ರಿಗೆ ಮೈದುನ ಬೆಂಗಳೂರಿಂದ ಬಂದಿದ್ದ. ಕಾರಿನ ತಲೆ ಮೇಲೆ ಹಳದಿ ಬಣ್ಣದ ಪ್ಲಾಸ್ಟಿಕ್ ದೋಣಿ, ಕಯಾಕ್ ಅಂತೆ. ಅಂಗಳಕ್ಕೆ ಇಳಿಸಿದ ಕೂಡಲೇ ಅತ್ತೆ ಒಂದು ಸುತ್ತು ಬಂದು, ಬೆರಳಲ್ಲಿ ಕುಟ್ಟಿ ನೋಡಿ, "ಇದ್ರಲ್ಲಿ ಎಷ್ಟು ಮೂಟೆ ಭತ್ತ ಹಿಡಿತು?" ಕೇಳಿದರು. ಇಬ್ಬರು ಕೂತುಕೊಳ್ಳಲಿಕ್ಕೆ ಮಾತ್ರ ಅಂದದ್ದಕ್ಕೆ, "ಹಂಗಾರೆ ಎಂತಕ್ಕೆ?" ಅಂದು ಒಳಗೆ ಹೋದರು.

"ಅತ್ಗೆ, ಆ ಅರಬೈಲ್ ಘಾಟಿ ಲಾರಿ ಸಾಲು, ಹೈವೇ ಧೂಳು, ಸಾಕಾಗೋತು. ಎರಡು ದಿನ ಹೊಳೆಲಿ ತೇಲ್ಕ್ಯಂಡು ಇರ್ತಿ" ಅಂದ ಮೈದುನ.

ನಮ್ಮ ಮನೆ ಗಂಗಾವಳಿ ದಂಡೆಯಲ್ಲಿ, ಉಪ್ಪು ನೀರು ಏರುವ ಜಾಗಕ್ಕಿಂತ ಸ್ವಲ್ಪ ಮೇಲೆ. ಬೆಳಗಾಗುವ ಮೊದಲು ಅವನ ಜೊತೆ ನಾನೂ ಹೋದೆ. ಜಲ್ಲೆ ಊರಿ ಪಾತಿ ದೋಣಿ ನಡೆಸಿದ ಕೈ ನನ್ನದು, ಎರಡು ಬದಿಗೂ ಎಲೆ ಇರುವ ಅವನ ಹುಟ್ಟು ಹಿಡಿಯಲಿಕ್ಕೆ ಕಾಲು ಗಂಟೆ ಬೇಕಾಯ್ತು. ಆಮೇಲೆ ಸುಳ್ಳು ಯಾಕೆ ಹೇಳಲಿ, ಅಷ್ಟು ಚೊಲೊ ಬೆಳಗು ನಾನು ಕಾಣದೆ ವರ್ಷಗಳಾಗಿದ್ದವು. ಆಳು ಮುಳುಗುವ ನೀರಿನ ತಳದಲ್ಲೂ ಕಲ್ಲು ಎಣಿಸಬಹುದಿತ್ತು. ಮಿಂಚುಳ್ಳಿ ಒಂದು ನಮ್ಮ ಮುಂದೆ ಮುಂದೆ ಹಾರಿ ದಾರಿ ತೋರಿಸಿತು. ಒಲೆ, ಕೊಟ್ಟಿಗೆ, ಸುಲಿಯದೆ ಉಳಿದ ಅಡಿಕೆ, ಯಾವುದೂ ನೆನಪಾಗಲಿಲ್ಲ. ಹಾಗಾಗಿ ಹೊಳೆಯಲ್ಲಿ ಶಾಂತಿ ಎಲ್ಲಿದೆ ಅಂತ ಕೇಳುವವರಲ್ಲಿ ನಾನಿಲ್ಲ.

ನನ್ನ ತಕರಾರು ಶುರುವಾದದ್ದು ಸಂಜೆಗೆ. ಚಾ ಕುಡಿದ ಮೇಲೆ ಮೈದುನ ಚೀಲದಿಂದ ಒಂದು ಕಾಗದ ತೆಗೆದ. ಅವನ ಪರಿಚಯದವರಿಗೆ ನಮ್ಮ ಹೊಳೆಬದಿ ಗದ್ದೆ ಹತ್ತು ವರ್ಷ ಲೀಸಿಗೆ ಬೇಕಂತೆ. ಹನ್ನೆರಡು ಕಾಟೇಜು, ಇಪ್ಪತ್ತು ಕಯಾಕು. ಮೇಲೆ ದೊಡ್ಡ ಅಕ್ಷರದಲ್ಲಿ ಹೆದ್ದಾರಿ ಮರೆತು ಹೊಳೆಗೆ ಬನ್ನಿ ಅಂತ ಕರೆ. ಜೊತೆಗೆ ನಕ್ಷೆ. ನಕ್ಷೆಯಲ್ಲಿ ಎಳೆದ ಮೊದಲ ಗೆರೆ ಎಂಥದ್ದು ಗೊತ್ತಾ? ಕಾರು ಬರಲಿಕ್ಕೆ ರಸ್ತೆ. ಇಪ್ಪತ್ತು ಅಡಿ ಅಗಲ, ನಮ್ಮನೆ ಹಿಂದಿನ ಗುಡ್ಡ ಕಡಿದು, ಅಬ್ಬಿಯ ನೆತ್ತಿ ಮೇಲೇ.

ಆ ಅಬ್ಬಿಯಿಂದ ಅಜ್ಜನ ಕಾಲದಲ್ಲಿ ಅಡಿಕೆ ದಂಬೆಯಲ್ಲಿ ನೀರು ಬಚ್ಚಲಿಗೆ ಬರ್ತಿತ್ತು, ಈಗ ಪೈಪಿನಲ್ಲಿ ಬರ್ತದೆ. ವೈಶಾಖದಲ್ಲೂ ಬೆರಳು ದಪ್ಪದ ಧಾರೆ ನಿಲ್ಲುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಗುಡ್ಡ ಕುಡಿದದ್ದನ್ನ ಉಳಿದ ಎಂಟು ತಿಂಗಳು ಒರತೆಯಾಗಿ ಬಿಡ್ತದೆ. ಗಂಗಾವಳಿಗೆ ಬೇಸಗೆಯಲ್ಲಿ ಇರುದೂ ಇದೇ ನೀರು. ಬೇಡ್ತಿ ಅಂತ ಧಾರವಾಡದ ಕಡೆ ಹುಟ್ಟಿ, ಮಾಗೋಡಿನಲ್ಲಿ ಧುಮುಕಿ ಬರುವ ಹೊಳೆ ಮಳೆಯಲ್ಲಿ ಕೆಂಪಾಗಿರ್ತದೆ. ಮಾಘದಲ್ಲಿ ಅದನ್ನ ತಿಳಿ ಮಾಡುದು ಘಟ್ಟದ ಸಾವಿರ ಅಬ್ಬಿಗಳು. ಮೈದುನ ಬೆಳಗ್ಗೆ ತೇಲಿದ್ದು ಅದರ ಮೇಲೆ.

ಅದೇ ಒರತೆಯ ಗುಡ್ಡದ ಬುಡವನ್ನ ಗೋಡೆ ಹಾಗೆ ನೆಟ್ಟಗೆ ಕಡಿದು ನೋಡಿ. ಒಳಗಿನ ನೀರಿಗೆ ದಾರಿ ತಪ್ಪುತ್ತದೆ, ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ. ಇದನ್ನ ತಿಳಿಯಲಿಕ್ಕೆ ಇಂಜಿನಿಯರ್ ಆಗಬೇಕಾಗಿಲ್ಲ, ತೋಟದ ಧರೆ ಕಡಿದವರಿಗೆಲ್ಲ ಗೊತ್ತಿದ್ದು.

2024ರ ಜುಲೈ 16ರಂದು ಶಿರೂರಿನಲ್ಲಿ ಆದದ್ದು ಇದೇ ಅಲ್ವಾ? ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ಜಾರಿ ಚಾದಂಗಡಿ, ಅದನ್ನ ನಡೆಸುತ್ತಿದ್ದ ಸಂಸಾರ, ಲಾರಿ, ಗ್ಯಾಸ್ ಟ್ಯಾಂಕರ್ ಎಲ್ಲವನ್ನೂ ಹೊತ್ತು ಗಂಗಾವಳಿಗೆ ಬಿತ್ತು. ಆ ಹೊಡೆತಕ್ಕೆ ಎದ್ದ ನೀರು ಆಚೆ ದಂಡೆಯ ಉಳುವರೆಗೆ ನುಗ್ಗಿ ಮನೆಗಳನ್ನ ಕೆಡವಿತು. ಉಳುವರೆಯವರು ಹೆದ್ದಾರಿ ಪಕ್ಕ ಮನೆ ಕಟ್ಟಿದವರಲ್ಲ ಮಾರಾಯ್ರೇ, ನಡುವೆ ಇಡೀ ಹೊಳೆ ಇತ್ತು! ಒಟ್ಟು 11 ಜನ ಹೋದರು. ಕೇರಳದ ಲಾರಿ ಸಿಕ್ಕಿದ್ದು ಸೆಪ್ಟೆಂಬರಿನ ಕೊನೆಗೆ, ಗೋವಾದಿಂದ ಡ್ರೆಜರ್ ತರಿಸಿದ ಮೇಲೆ, ಹೊಳೆಯ ತಳದಲ್ಲಿ. ಆ ಎರಡು ತಿಂಗಳು ನಮ್ಮಲ್ಲಿ ಯಾರೂ ಹೊಳೆ ಕಡೆ ಮುಖ ಮಾಡಿ ಕವಳ ಹಾಕಲಿಲ್ಲ.

ಹೆದ್ದಾರಿ ಮರೆಯಿರಿ ಅಂತ ಬರೆದವರು ಈ ಹೊಳೆಯ ಹತ್ರ ಒಮ್ಮೆ ಕೇಳಲಿ, ನಿನಗೆ ಮರೆತಿತ್ತಾ ಅಂತ.

"ಹಂಗಾರೆ ರಸ್ತೆ ಬೇಡದಾ ಅತ್ಗೆ?" ಮೈದುನ ಕೇಳಿದ. ಬೇಕು. ಅತ್ತೆಗೆ ಎದೆನೋವು ಬಂದಾಗ ಮಣಿಪಾಲಕ್ಕೆ ಕರಕೊಂಡು ಹೋದದ್ದು ಇದೇ ರಸ್ತೆಯಲ್ಲಿ. ದೊಡ್ಡ ಕಾಯಿಲೆ ಅಂದರೆ ನಮ್ಮ ಜಿಲ್ಲೆಯವರು ಮಂಗಳೂರಿಗೋ ಗೋವಾಕ್ಕೋ ಹುಬ್ಬಳ್ಳಿಗೋ ಓಡಬೇಕು. ರಸ್ತೆ ಬೇಡ ಅನ್ನುವ ಐಷಾರಾಮ ನಮಗಿಲ್ಲ. ಗುಡ್ಡವನ್ನ ಮೆಟ್ಟಿಲು ಮೆಟ್ಟಿಲಾಗಿ ಕಡೀರಿ, ಒರತೆಗೆ ಗಟಾರ ಬಿಡಿ, ಖರ್ಚು ಜಾಸ್ತಿ ಆದರೆ ಆಗಲಿ ಅನ್ನುದಷ್ಟೇ ನನ್ನ ಮಾತು. ಅದನ್ನ ಗಟ್ಟಿಯಾಗಿ ಕೇಳಬೇಕಾದವರು ಕಾರು ಓಡಿಸುವ ಮೈದುನನಂಥವರೇ. ಅವರು ಮಾತ್ರ ಟೋಲ್ ಕೊಟ್ಟು, ರಸ್ತೆಗೆ ಬೈದು, ಆಯಾಸ ಕಳಕೊಳ್ಳಲಿಕ್ಕೆ ಹೊಳೆಗೆ ಇಳೀತಾರೆ. ಭಾನುವಾರ ಸಂಜೆ ಅದೇ ರಸ್ತೆಯಲ್ಲಿ ವಾಪಸ್.

ಕಾರವಾರದಲ್ಲಿ ಕಾಳಿ ನೋಡಿ. ಕೋಡಿಬಾಗದ ಕಾಂಡ್ಲಾ ಗಿಡಗಳ ನಡುವೆ ಹುಟ್ಟು ಹಾಕುದು ಚಂದವೇ, ಇಲ್ಲ ಅನ್ನುದಿಲ್ಲ. ಶಿರೂರಿನ ಮೂರು ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಅಲ್ಲೇ ಹೆದ್ದಾರಿಯ ಹಳೇ ಸೇತುವೆ ಕುಸಿದು ಲಾರಿಯೊಂದು ಕಾಳಿಗೆ ಬಿತ್ತು. ಡ್ರೈವರನನ್ನ ಬದುಕಿಸಲಿಕ್ಕೆ ದೋಣಿ ತಕ್ಕೊಂಡು ಹೋದವರು ಅಲ್ಲಿಯ ಮೀನುಗಾರರು. ಮೇಲೆ ಹೋದರೆ ಕದ್ರಾ, ಕೊಡಸಳ್ಳಿ, ಸೂಪಾ, ಅಣೆಕಟ್ಟಿನ ಮೇಲೆ ಅಣೆಕಟ್ಟು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡುದಾದರೆ ಸೂಪಾದಿಂದ ನೀರು ಬಿಡಬೇಕು. ಬೇಡ್ತಿಗೂ ಅಂಥದ್ದೇ ಅಣೆಕಟ್ಟು ಬರುದಿತ್ತು. ಶಿರಸಿ, ಯಲ್ಲಾಪುರ ಕಡೆಯ ತೋಟಿಗರು ಹಟ ಹಿಡಿದು ತಡೆದರು. ಈಗ ಬೇಡ್ತಿ ನೀರನ್ನ ವರದೆಗೆ ತಿರುಗಿಸುವ ಯೋಜನೆ ಬಂದದೆ. ಅದರ ವಿರುದ್ಧ ಸಭೆ ಕರೆದಾಗ ಮೈದುನನಿಗೆ ಫೋನು ಮಾಡಿದ್ದೆ. "ಆಫೀಸಿದ್ದು ಅತ್ಗೆ, ರಜೆ ಸಿಕ್ತಿಲ್ಲೆ" ಅಂದ. ಕಯಾಕಿಗೆ ಸಿಕ್ಕಿತು ನೋಡಿ.

ಇಷ್ಟೆಲ್ಲ ಅವನ ಮುಖದೆದುರೇ ಹೇಳಿದೆ, ಬೆನ್ನ ಹಿಂದೆ ಬರೀತಾ ಇಲ್ಲ. ಅವನಿಗೆ ಬೇಜಾರಾಯ್ತು. ಊರಲ್ಲಿ ಹುಡುಗರಿಗೆ ಕೆಲಸ ಸಿಗ್ತಿತ್ತು ಅಂದ. ಹೌದು, ಸಿಗಬಹುದು, ಆ ಮಾತಿಗೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಗುಡ್ಡ ಮುಟ್ಟದೆ, ಈಗಿರುವ ಕಾಲುದಾರಿಯಲ್ಲಿ ನಡೆದು ಬಂದು, ನಮ್ಮ ಜಗಲಿಯಲ್ಲಿ ಮಲಗಿ, ಊರ ಹುಡುಗರ ದೋಣಿಯಲ್ಲಿ ಹೋಗುವವರಿದ್ದರೆ ನಾನೇ ದೋಸೆ ಎರೆದು ಹಾಕ್ತೇನೆ ಅಂದೆ. ಅಷ್ಟು ದೂರ ಯಾರೂ ನಡೀತ್ವಿಲ್ಲೆ ಅಂದ. ಅತ್ತೆ ಒಳಗಿಂದಲೇ, "ಹೊಳೆಗೆ ಬಪ್ಪಲೆ ಕಾಲಿಲ್ಲೆ, ಹುಟ್ಟು ಹಾಕಲೆ ಕೈ ಇದ್ದಡ" ಅಂದರು. ಅವರ ಬಾಯಿ ಹಾಗೆಯೇ.

ಹೊರಡುವಾಗ ಹೇಳಿದೆ, "ತಮಾ, ಆಷಾಢದಲ್ಲಿ ಬಾ. ನಕ್ಷೆ ಬರೆದವ್ರನ್ನೂ ಕರ್ಕಂಡು ಬಾ. ಮಳೆ ಹೊಡೆಯಕಾರೆ ಆ ಗುಡ್ಡದ ಬುಡದಲ್ಲಿ ಒಂದು ತಾಸು ನಿಂತು ನೋಡಿ, ಆಮೇಲೆ ಮಾತಾಡನ." ಅವನು ನಕ್ಕ, ಬತ್ತಿ ಅಂತಲೂ ಹೇಳಲಿಲ್ಲ, ಬತ್ನಿಲ್ಲೆ ಅಂತಲೂ ಹೇಳಲಿಲ್ಲ.

ಜಾಗ ಅಣ್ಣತಮ್ಮಂದಿರದ್ದು, ಸಹಿ ಹಾಕಬೇಕಾದವರು ನಮ್ಮನೆಯವರು. ಕೇಳಿದರೆ "ನೋಡನ, ಅವಸರ ಎಂತ ಇದ್ದು" ಅಂತಾರೆ. ಕಾಗದ ಇನ್ನೂ ಕವಳದ ಬಟ್ಟಲಿನ ಅಡಿಗೆ ಇದೆ. ಕಯಾಕ್ ಕೊಟ್ಟಿಗೆ ಮೂಲೆಯಲ್ಲಿ ಬೋರಲು ಬಿದ್ದದೆ, ಅದರ ಅಡಿಗೆ ಬೆಕ್ಕು ಮೂರು ಮರಿ ಹಾಕಿದೆ.