ತಾಯಿಯ ಸರದಿ

ಅವಿಭಕ್ತ ಕುಟುಂಬವೊಂದು ಒಡೆದು, ಅಣ್ಣತಮ್ಮಂದಿರು ಗದ್ದೆತೋಟಗಳನ್ನೂ ಪಾತ್ರೆಪಡಗಗಳನ್ನೂ ಪಂಚರ ಸಮಕ್ಷಮದಲ್ಲಿ ಹಂಚಿಕೊಂಡ ತರುವಾಯ ಕಟ್ಟಕಡೆಗೆ ಉಳಿಯುವ ಪ್ರಶ್ನೆ ವೃದ್ಧಮಾತೆಯದು. ಅದಕ್ಕೆ ಅನೇಕ ಮನೆಗಳಲ್ಲಿ ದೊರೆಯುವ ಉತ್ತರವೋ, ತಿಂಗಳಿಗೊಬ್ಬ ಮಗನ ಮನೆಯೆಂಬ ಸರದಿ. ಮಕ್ಕಳ ದೃಷ್ಟಿಗೆ ಇದು ನ್ಯಾಯಸಮ್ಮತವೆಂದು ತೋರಬಹುದು. ಆದರೆ ಕಣ್ಣು ಮಂಜಾಗಿ, ಸ್ಮೃತಿ ಕುಂದಿ, ಬಚ್ಚಲಿನ ದಾರಿಯನ್ನು ಗೋಡೆ ತಡವಿಯೇ ಅರಿಯಬೇಕಾದವಳಿಗೆ ತಿಂಗಳು ತಿಂಗಳೂ ಬದಲಾಗುವ ಹೊಸ್ತಿಲೆಂದರೆ, ಎಡವಿ ಬೀಳುವ ಭಯ, ನಡುರಾತ್ರಿ ದಿಕ್ಕುಗಾಣದ ಗಾಬರಿ, ಔಷಧದ ಹೊತ್ತು ತಪ್ಪುವ ಅಪಾಯ.

ಶಾಸನವು ಈ ವಿಷಯದಲ್ಲಿ ಮೌನವಾಗಿಲ್ಲ. ಸಹೋದರರು ಪಾಲಾಗುವಾಗ ತಾಯಿಗೂ ಭಾಗವುಂಟೆಂದು ಮೈಸೂರು ಸಂಸ್ಥಾನವು 1933ರ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯಲ್ಲಿಯೇ ವಿಧಿಸಿತ್ತು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪಾಲನೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯಿದೆಯು ಜೀವನಾಂಶ ಕೊಡಿಸುವ ನ್ಯಾಯಮಂಡಳಿಗಳಿಗೆ ಅವಕಾಶವಿತ್ತಿತು. ಆದರೆ ಯಾವ ಮಂಡಳಿಯೂ ಅನ್ನವಸ್ತ್ರಗಳನ್ನು ಕೊಡಿಸೀತೇ ಹೊರತು, ಇದು ನನ್ನ ನೆಲೆಯೆಂಬ ಭಾವವನ್ನು ಕೊಡಿಸಲಾರದು.

ಆದಕಾರಣ, ವಿಭಾಗಪತ್ರಕ್ಕೆ ಸಹಿ ಬೀಳುವ ಮೊದಲೇ, ಎಲ್ಲಿರಲು ನಿನಗಿಷ್ಟವಮ್ಮಾ ಎಂದು ಆಕೆಯನ್ನೇ ಕೇಳಬೇಕು. ಆಕೆ ಹೇಳಿದೆಡೆ ಒಂದು ಕೋಣೆ ಸ್ಥಿರವಾಗಬೇಕು. ಉಳಿದ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಖರ್ಚಿನಲ್ಲಿ ಪಾಲುಗೊಂಡು, ಆಗಾಗ ತಾವೇ ಬಂದು ನಿಂತು, ಹಗಲಿರುಳು ಶುಶ್ರೂಷೆ ಮಾಡುವ ಸೊಸೆಗೆ ವಿಶ್ರಾಂತಿ ಕೊಡಬೇಕು. ಸರದಿಯೆಂಬುದು ಇರಲೇಬೇಕಾದರೆ ಅದು ಸೇವೆ ಮಾಡುವ ಮಕ್ಕಳಿಗಿರಲಿ, ತಾಯಿಗೆ ಬೇಡ.