ಕಪ್ಪೆಗಾಗಿ ಗಣಿ ನಿಲ್ಲಿಸಬೇಕೇ?

ಕಳೆದ ತಿಂಗಳು ತರಗತಿಯಲ್ಲಿ ಪಶ್ಚಿಮ ಆಫ್ರಿಕಾದ ಘಾನಾ ದೇಶದ ಒಂದು ಕಪ್ಪೆಯ ಮಾತು ಬಂತು. ಹಿಂದಿನ ಬೆಂಚಿನ ಗೆಳೆಯನೊಬ್ಬ, "ಒಂದು ಕಪ್ಪೆಗೋಸ್ಕರ ಗಣಿ ನಿಲ್ಲಿಸೋಕಾಗುತ್ತಾ ಸರ್?" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಕುಳಿತು ಓದಿದಾಗ ಆ ಪ್ರಶ್ನೆಯೇ ತಪ್ಪು ಅನಿಸಿತು.

ಆ ಕಪ್ಪೆಯ ವೈಜ್ಞಾನಿಕ ಹೆಸರು ಕಾನ್ರಾವಾ ಸಗ್ಯಿಮಾಸೆ. ಸಗ್ಯಿಮಾಸೆ ಎಂಬುದು ಅಟೇವಾ ಬೆಟ್ಟದ ತಪ್ಪಲಿನ ಒಂದು ಹಳ್ಳಿ. ಜಗತ್ತಿನ ಅತಿ ದೊಡ್ಡ ಕಪ್ಪೆಯಾದ, 3 ಕಿಲೋಗೂ ಹೆಚ್ಚು ತೂಗುವ ಗೋಲಿಯಾತ್ ಕಪ್ಪೆ ಇದರ ಹತ್ತಿರದ ಸಂಬಂಧಿ. ಮೊದಲು ಇದನ್ನು ಟೋಗೊ ಗಡಿಯ ಬೆಟ್ಟಗಳ ಇನ್ನೊಂದು ಕಪ್ಪೆಯೆಂದೇ ತಿಳಿದಿದ್ದರು. ಇದು ಬೇರೆಯೇ ಪ್ರಭೇದ ಎಂದು 2021ರಲ್ಲಿ ಪ್ರಕಟವಾಯಿತು. ಹೆಸರು ಸಿಕ್ಕಾಗಲೇ ಇದು ಅಳಿವಿನಂಚಿನಲ್ಲಿತ್ತು.

ಇದು ವಾಸಿಸುವುದು ಅಟೇವಾ ಕಾಡಿನ ತಿಳಿಯಾದ, ರಭಸವಾಗಿ ಹರಿಯುವ ತೊರೆಗಳಲ್ಲಿ ಮಾತ್ರ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ ಎಂದು ನಾವು ಪ್ರಥಮ ಪಿಯುಸಿಯಲ್ಲಿ ಓದಿದ್ದೇವೆ. ನೀರು ಕೆಟ್ಟರೆ ಅದು ಬದುಕುವುದು ಕಷ್ಟ.

ಅದೇ ಬೆಟ್ಟದ ನೆತ್ತಿಯಲ್ಲಿ ಬಾಕ್ಸೈಟ್ ಇದೆ, ಅಂದರೆ ಅಲ್ಯೂಮಿನಿಯಂ ಅದಿರು. 2018ರಲ್ಲಿ ಘಾನಾ ಸರ್ಕಾರ ಚೀನಾದ ಕಂಪನಿಯೊಂದರ ಜೊತೆ ಒಪ್ಪಂದ ಮಾಡಿಕೊಂಡಿತು: ಅವರು ರಸ್ತೆ, ಸೇತುವೆ ಕಟ್ಟಿಕೊಡಬೇಕು, ಸಾಲವನ್ನು ಬಾಕ್ಸೈಟ್ ಆದಾಯದಿಂದ ತೀರಿಸಬೇಕು. ಬಡ ದೇಶಕ್ಕೆ ರಸ್ತೆ ಬೇಡವೆಂದು ಇಲ್ಲಿ ಕುಳಿತು ಹೇಳಲು ನನಗೆ ಹಕ್ಕಿಲ್ಲ. ನನ್ನ ಊಟದ ಡಬ್ಬಿಯೂ ಅಲ್ಯೂಮಿನಿಯಂನದೇ.

ಆದರೆ ಬಿರಿಮ್, ಡೆನ್ಸು, ಅಯೆನ್ಸು ಎಂಬ ಮೂರು ನದಿಗಳು ಹುಟ್ಟುವುದೂ ಇದೇ ಬೆಟ್ಟದಲ್ಲಿ. ರಾಜಧಾನಿ ಅಕ್ರಾದ ಒಂದು ಭಾಗವೂ ಸೇರಿ ಸುಮಾರು 50 ಲಕ್ಷ ಜನ ಈ ನೀರನ್ನು ನಂಬಿದ್ದಾರೆ. ಅದಿರು ತೆಗೆಯಲು ಮೊದಲು ಕಾಡು ಕಡಿದು ಮೇಲ್ಮಣ್ಣು ತೆಗೆಯಬೇಕು. ಮಳೆ ಬಂದಾಗ ಕೆಸರು ತೊರೆಗೆ ಇಳಿಯುತ್ತದೆ. ಕಪ್ಪೆ ಮೊದಲು ಸಾಯುತ್ತದೆ, ಕೊಡ ಹಿಡಿದವರ ಸರದಿ ಆಮೇಲೆ ಬರುತ್ತದೆ. ಅಕ್ರಮ ಚಿನ್ನದ ಗಣಿಗಾರಿಕೆಯಿಂದ ಬಿರಿಮ್ ನದಿಯ ನೀರು ಈಗಾಗಲೇ ಕೆಂಪಾಗಿದೆ. ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡಿ ಎಂದು ಕೇಳುತ್ತಿರುವವರು ಹೊರಗಿನವರಷ್ಟೇ ಅಲ್ಲ, ಘಾನಾದವರೇ ಇದ್ದಾರೆ. 2020ರಲ್ಲಿ ಅಲ್ಲಿನ ಸಂಘಟನೆಗಳು ನ್ಯಾಯಾಲಯಕ್ಕೂ ಹೋದವು.

ಹಾಗಾಗಿ ಗೆಳೆಯನಿಗೆ ನನ್ನ ಉತ್ತರ ಇಷ್ಟೇ. ಅಲ್ಲಿ ತೂಗುತ್ತಿರುವುದು ಒಂದು ಕಡೆ ಕಪ್ಪೆ, ಇನ್ನೊಂದು ಕಡೆ ಮನುಷ್ಯ ಎಂದಲ್ಲ. ಕೆಲವು ವರ್ಷಗಳ ಅದಿರು ಮತ್ತು ಮುಂದಿನವರೂ ಕುಡಿಯಬೇಕಾದ ನೀರು. ಅದಿರು ಬೇರೆ ಕಡೆಯೂ ಸಿಗುತ್ತದೆ, ಹಳೆಯ ಅಲ್ಯೂಮಿನಿಯಂ ಕರಗಿಸಿ ಮತ್ತೆ ಬಳಸಲೂಬಹುದು. ನದಿಯ ಮೂಲವನ್ನು ಮತ್ತೊಮ್ಮೆ ಮಾಡಲಾಗದು. ನೀನಾಗಿದ್ದರೆ ಯಾವುದನ್ನು ಉಳಿಸುತ್ತಿದ್ದೆ?