ಹಂಪೆಯನ್ನು ಹೊಳೆಯಿಂದ ನೋಡಬೇಕು

ಚಳಿಗಾಲ ಕಾಲಿಟ್ಟಿತೆಂದರೆ ನಾಡಿನ ಮೂಲೆಮೂಲೆಗಳಿಂದ ಶಾಲಾ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಹಂಪೆಯ ಹಾದಿ ಹಿಡಿಯುತ್ತವೆ. ವಿರೂಪಾಕ್ಷನ ಗೋಪುರದೆದುರು ಒಂದು ಭಾವಚಿತ್ರ, ಅಲ್ಲಿಂದ ಸಾಸಿವೆಕಾಳು ಗಣಪ, ಉಗ್ರನರಸಿಂಹ, ಕಮಲಮಹಲು, ಕಲ್ಲಿನ ರಥ. ಸಂಜೆಗೆ ತುಂಗಭದ್ರಾ ಅಣೆಕಟ್ಟಿನ ಉದ್ಯಾನದ ದೀಪಗಳು. ಮಗು ಹತ್ತು ಹೆಸರುಗಳನ್ನು ಕಲಿತು ಮನೆಗೆ ಮರಳುತ್ತದೆ. ಆದರೆ ಈ ಹತ್ತೂ ಒಂದೇ ಪಟ್ಟಣದ ಅಂಗಗಳೆಂಬುದಾಗಲಿ, ಆ ಪಟ್ಟಣ ಈ ಬಂಡೆಗಳ ನಡುವೆಯೇ ಏಕೆ ತಲೆಯೆತ್ತಿತೆಂಬುದಾಗಲಿ ಅದಕ್ಕೆ ತಿಳಿದಿರುವುದಿಲ್ಲ. ತಪ್ಪು ಮಗುವಿನದಲ್ಲ, ಹಂಪೆಯನ್ನು ಹಿಂಬಾಗಿಲಿನಿಂದ ತೋರಿಸಿದವರದು.

ಆ ಪಟ್ಟಣದ ಮುಂಬಾಗಿಲು ತುಂಗಭದ್ರೆ. ಉತ್ತರದಿಂದ ಬರುವ ದಂಡಿಗೆ ಅಡ್ಡವಾಗಿ ಹರಿದ ಈ ಹೊಳೆ ವಿಜಯನಗರದ ಮೊದಲ ಕೋಟೆ. ಬಂಡೆಗಳ ಸಂದಿಯಲ್ಲಿ ನುಗ್ಗುವ ನೀರು, ಅಲ್ಲಲ್ಲಿ ಸುಳಿ, ಎರಡೂ ದಡಗಳಲ್ಲಿ ಗುಡ್ಡ: ಇಂಥ ನೆಲವನ್ನು ರಾಜಧಾನಿಗೆ ಆರಿಸಿದವರ ಬುದ್ಧಿ ರಸ್ತೆಯಲ್ಲಿ ನಿಂತವರಿಗೆ ಕಾಣದು, ನೀರಿನ ಮಟ್ಟದಲ್ಲಿ ಕುಳಿತು ತಲೆಯೆತ್ತಿ ನೋಡಿದವರಿಗೆ ವಿವರಣೆಯೇ ಬೇಡ.

ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ, ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಈ ಹೊಳೆಯ ದೋಣಿಗಳನ್ನು ಕಂಡು ಬೆರಗಾದನು. ಅವು ಬುಟ್ಟಿಗಳಂತೆ ದುಂಡಗಿವೆ, ಒಳಗೆ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವು, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ನೇರ ಸಾಗಲಾರದೆ ಸುತ್ತುತ್ತಲೇ ಇರುತ್ತವೆ ಎಂದು ಬರೆದಿಟ್ಟನು. ಐನೂರು ವರ್ಷಗಳ ಮೇಲೆಯೂ ಆ ವರ್ಣನೆ ಬಹುಮಟ್ಟಿಗೆ ಹೊಂದುತ್ತದೆ. ತೊಗಲು ಹೋಗಿ ಡಾಂಬರು ಬಳಿದ ಪ್ಲಾಸ್ಟಿಕ್ ಹಾಳೆ ಬಂದಿದೆ. ಬಿದಿರಿನ ಹೆಣಿಗೆ ಹಾಗೆಯೇ ಉಳಿದಿದೆ. ಬಂಡೆ ತುಂಬಿದ ಹೊಳೆಗೆ ಇದಕ್ಕಿಂತ ತಕ್ಕ ವಾಹನವಿಲ್ಲ. ಹರಿಗೋಲಿನ ತಳ ಚಪ್ಪಟೆ. ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ, ಕಲ್ಲಿಗೆ ತಾಗಿದರೆ ಬಾಗುತ್ತದೆ. ಆಚೆ ದಡ ಸೇರಿದ ಮೇಲೆ ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು ನಡೆಯುವುದೂ ಉಂಟು. ಇದೇ ನದಿಯ ಮೇಲಣ ಹರಿವಿನಲ್ಲಿ, ಚೌಡದಾನಪುರದ ದಡದಲ್ಲಿ, ಶರಣ ಅಂಬಿಗರ ಚೌಡಯ್ಯನವರ ಸಮಾಧಿಯಿದೆಯೆಂಬುದನ್ನು ಶಿಕ್ಷಕರು ಮಕ್ಕಳಿಗೆ ಹೇಳುವುದಾದರೆ ಹರಿಗೋಲಿನಲ್ಲಿ ಕುಳಿತಾಗಲೇ ಹೇಳುವುದು ಲೇಸು.

ಕೋದಂಡರಾಮ ದೇವಾಲಯದ ಮುಂದಣ ಚಕ್ರತೀರ್ಥದಲ್ಲಿ ಹೊಳೆ ತಿರುಗಿಕೊಳ್ಳುತ್ತದೆ. ಅಲ್ಲಿ ಹರಿಗೋಲು ಹತ್ತಿದರೆ ಸ್ವಲ್ಪ ದೂರದಲ್ಲೇ ಕೋಟಿಲಿಂಗ. ನೀರಿನ ಅಂಚಿನ ಹಾಸುಬಂಡೆಯ ಮೇಲೆ ಸಾಲುಸಾಲಾಗಿ ಕೊರೆದ 1008 ಲಿಂಗಗಳು, ಬಳಿಯಲ್ಲಿ 108 ಲಿಂಗಗಳ ಇನ್ನೊಂದು ಪಟ್ಟಿ. ಬಸ್ಸಿನಲ್ಲಿ ಬಂದವರು ಬಹುತೇಕ ಇದನ್ನು ನೋಡದೆಯೇ ಹಿಂದಿರುಗುತ್ತಾರೆ. ಹೊಳೆ ತುಂಬಿದಾಗ ಈ ಲಿಂಗಗಳೆಲ್ಲ ನೀರಿನ ಕೆಳಗೆ. ಇಳಿದಾಗ ಮತ್ತೆ ಮೇಲೆ. ಮುಂದೆ ಬಂಡೆಗಳು ದಾರಿ ಬಿಡದ ಕಡೆ ಇಳಿದು, ದಡದ ಹಾದಿಯಲ್ಲಿ ನಡೆದು ವಿಠಲನ ಗುಡಿಯತ್ತ ಸಾಗಬೇಕಾಗುತ್ತದೆ. ಅಲ್ಲಿ ಪುರಂದರ ಮಂಟಪದ ಬಳಿ ಹೊಳೆಯ ನಡುವೆ ಕಲ್ಲಿನ ಕಂಬಗಳ ಸಾಲು ನಿಂತಿದೆ: ಹಳೆಯ ಸೇತುವೆಯ ಅವಶೇಷ. ಇನ್ನೂ ಕೆಳಗೆ ತಳವಾರಘಟ್ಟ. ಎದುರು ದಡ ಆನೆಗೊಂದಿ. ವಿಜಯನಗರಕ್ಕಿಂತ ಮೊದಲಿನ ರಾಜಧಾನಿ ಅದೇ ಎಂದು ಪಾಯೆಸನಿಗೂ ಜನ ಹೇಳಿದ್ದರು. ಆನೆಗೊಂದಿಯನ್ನು ಬಿಟ್ಟು ಹಂಪೆಯನ್ನು ನೋಡುವುದೆಂದರೆ ತಾಯಿಯ ಹೆಸರೆತ್ತದೆ ಮಗಳ ಚರಿತ್ರೆ ಹೇಳಿದಂತೆ.

ಹೀಗೆ ಬಿಟ್ಟುಬಿಡುವ ರೂಢಿಗೆ ಆಡಳಿತದ ಗೆರೆಗಳೂ ಕಾರಣ. ಹಂಪೆಯ ದಡ ಬಳ್ಳಾರಿಯೊಡನೆ 1953ರವರೆಗೆ ಮದರಾಸಿಗೆ ಸೇರಿತ್ತು. ಆನೆಗೊಂದಿಯ ದಡ 1956ರವರೆಗೆ ಹೈದರಾಬಾದಿಗೆ. ಏಕೀಕರಣವಾದ ಮೇಲೂ ಒಂದು ದಡ ಒಂದು ಜಿಲ್ಲೆ, ಇನ್ನೊಂದು ದಡ ಇನ್ನೊಂದು ಜಿಲ್ಲೆ. ಈಗ ವಿಜಯನಗರ ಮತ್ತು ಕೊಪ್ಪಳ. ಅರಸರಿಗೆ ಊರಿನೊಳಗಣ ಹೊಳೆಯಾಗಿದ್ದದ್ದು ಕಚೇರಿಗಳಿಗೆ ಗಡಿಯಾಯಿತು. ಆ ದೀರ್ಘಕಾಲವೂ ಎರಡು ದಡಗಳ ನಂಟನ್ನು ಹೊಲಿದವರು ಅಂಬಿಗರು.

ಹಾಗೆಂದು ಹರಿಗೋಲಿನ ಮೇಲಣ ಮೋಹದಿಂದ ದಡದ ಹಳ್ಳಿಗರ ಕಷ್ಟವನ್ನು ಮರೆಯುವುದು ನ್ಯಾಯವಲ್ಲ. 1986ರಲ್ಲಿ ಹಂಪೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹೊಳೆಗೆ ಹಾಕತೊಡಗಿದ್ದ ಸೇತುವೆಗಳ ದೆಸೆಯಿಂದ 1999ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, 2006ರಲ್ಲಿ ಅದರಿಂದ ಬಿಡುಗಡೆ ಪಡೆಯಿತು. ಆನೆಗೊಂದಿಯ ಸೇತುವೆ 2009ರ ಜನವರಿಯಲ್ಲಿ, ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರು ಪ್ರಾಣ ತೆತ್ತರು. ದೃಶ್ಯ ಕೆಡುತ್ತದೆಂಬುದು ಒಂದು ಪಕ್ಷ, ರೋಗಿಯನ್ನು ರಾತ್ರಿ ಹೊತ್ತು ದಾಟಿಸುವುದು ಹೇಗೆಂಬುದು ಇನ್ನೊಂದು ಪಕ್ಷ. ಎರಡನೆಯದೇ ಹೆಚ್ಚು ತೂಕದ್ದು. ವಿಜಯನಗರದವರೇ ಸೇತುವೆ ಕಟ್ಟಿದ್ದರೆಂಬುದಕ್ಕೆ ಆ ಕಲ್ಲುಕಂಬಗಳೇ ಸಾಕ್ಷಿ. ಪರಂಪರೆಯ ಹೆಸರಿನಲ್ಲಿ ಹಳ್ಳಿಗರನ್ನು ಬುಟ್ಟಿಯಲ್ಲೇ ಕೂರಿಸಬೇಕೆಂಬ ವಾದ ಪಟ್ಟಣದವರ ಚಪಲ. ಈಗ ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಸೇತುವೆಯಾಗಿರುವುದು ಸಮಾಧಾನದ ಸಂಗತಿ. ಆದರೆ ದಿನನಿತ್ಯದ ದಾಟುವಿಕೆ ಸೇತುವೆಯ ಪಾಲಾದಾಗ ಅಂಬಿಗನಿಗೆ ಉಳಿಯುವುದು ನೋಡಲು ಬಂದವರು ಮಾತ್ರ. ಅವರಾದರೋ ಹರಿಗೋಲನ್ನು ಗರಗರ ತಿರುಗಿಸು, ಇನ್ನೂ ಜೋರಾಗಿ ತಿರುಗಿಸು ಎನ್ನುತ್ತಾರೆ. ಸುಳಿ ಎಲ್ಲಿದೆ, ಬೇಸಗೆಯಲ್ಲಿ ಯಾವ ಬಂಡೆ ತಲೆಯೆತ್ತುತ್ತದೆ ಎಂದು ಬಲ್ಲವನನ್ನು ಜಾತ್ರೆಯ ತೊಟ್ಟಿಲು ತೂಗುವವನನ್ನಾಗಿ ಮಾಡಿದ್ದೇವೆಂಬ ಅರಿವು ಯಾರಿಗೂ ಇದ್ದಂತಿಲ್ಲ.

ಇಲ್ಲಿ ಶಾಲೆಗಳು ಮಾಡಬಹುದಾದುದು ಬಹಳವಿದೆ. ಹಂಪೆಗೆ ಒಂದು ಪೂರ್ಣ ದಿನ, ಅದರಲ್ಲಿ ಅರ್ಧ ದಿನ ಹೊಳೆಗೆ ಮೀಸಲಾಗಲಿ. ಅಂಬಿಗನಿಗೆ ಕೊಡುವ ಹಣವನ್ನು ಕೂಲಿಯೆಂದಲ್ಲ, ಪಾಠ ಹೇಳಿದವನಿಗೆ ಸಲ್ಲುವ ಗೌರವಧನವೆಂದು ಲೆಕ್ಕಕ್ಕೆ ಬರೆಯಲಿ. ಪ್ರವಾಸಕ್ಕೆ ನೆರವಾಗುವ ದಾನಿಗಳು ಬಸ್ಸಿನ ಬಾಡಿಗೆಯೊಡನೆ ತೇಲುಕವಚಗಳ ವೆಚ್ಚವನ್ನೂ ವಹಿಸಿಕೊಂಡರೆ ಮುಖ್ಯೋಪಾಧ್ಯಾಯರ ಅರ್ಧ ಭಯ ಕಳೆಯುತ್ತದೆ. ಉಳಿದರ್ಧ ಭಯ ಇರತಕ್ಕದ್ದೇ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪವೇ ಮುಳುಗುತ್ತದೆ; ಅಂಥ ದಿನಗಳಲ್ಲಿ ಹರಿಗೋಲಿನ ಮಾತೇ ಸಲ್ಲದು. ಮಳೆಗಾಲ ಕಳೆದು ನೀರು ತಗ್ಗಿ, ಸ್ಥಳೀಯ ಅಧಿಕಾರಿಗಳ ಅನುಮತಿಯಿದ್ದಾಗ, ಒಂದು ಹರಿಗೋಲಿಗೆ ಕೆಲವೇ ಮಕ್ಕಳಂತೆ, ಶಿಕ್ಷಕರೊಬ್ಬರು ಜೊತೆಗಿದ್ದು ಹೊರಡಬೇಕು. ಅಂಬಿಗ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಅವನ ಮಾತೇ ಕಡೆಯ ಮಾತು.

ತಳವಾರಘಟ್ಟದಲ್ಲಿ ಹೊಳೆ ದಾಟಿ, ಮಕ್ಕಳು ಆನೆಗೊಂದಿಯ ಹಳೆಯ ಕೋಟೆಬಾಗಿಲಿನತ್ತ ನಡೆದೇ ಹೋಗಲಿ. ಬಸ್ಸು ಬೇಕಾದರೆ ಖಾಲಿಯಾಗಿ ಕಡೆಬಾಗಿಲಿನ ಸೇತುವೆಯನ್ನು ಬಳಸಿಕೊಂಡು ಬಂದು ಅವರನ್ನು ಅಲ್ಲಿ ಹತ್ತಿಸಿಕೊಳ್ಳಬಹುದು.